ಮಡಿಲು ತುಂಬಿ ಕಳಿಸಿದ ಮನೆ

ನಮ್ಮ ಮನೆಯಿಂದ ಯಾರೂ ಬರಿಗೈಯಲ್ಲಿ ಹೋದದ್ದಿಲ್ಲ. ನನ್ನ ಅಜ್ಜಿ ತನ್ನ ಬಗ್ಗೆ, ಮನೆಯ ಬಗ್ಗೆ, ಹುಮ್ಮಸ್ಸು ಬಂದರೆ ಇಡೀ ನಮ್ಮ ಸೀಮೆಯ ಬಗ್ಗೆಯೇ ಹೇಳಿಕೊಳ್ಳುತ್ತಿದ್ದ ಮಾತು ಇದು. ಸುಳ್ಳೇನಲ್ಲ. ಕಣಿ ಹೇಳುವವಳು ಬಂದರೆ ರಾಗಿ, ಪಾತ್ರೆಗೆ ಕಲಾಯಿ ಹಾಕುವವನು ಬಂದರೆ ಬೆಲ್ಲದ ಅಚ್ಚು, ಜಗಳವಾಡಿಕೊಂಡು ಎದ್ದು ಹೊರಟ ನೆಂಟರಿಗೂ ಒಂದು ಚಿಪ್ಪು ಬಾಳೆಹಣ್ಣು. ಕೊಡುವುದರಲ್ಲಿ ಅಜ್ಜಿಯನ್ನು ಮೀರಿಸುವವರು ಪಾಲಹಳ್ಳಿ, ಬೆಳಗೊಳದ ಸುತ್ತಮುತ್ತ ಇರಲಿಲ್ಲ ಎಂದೇ ನಾವು ತಿಳಿದಿದ್ದೆವು. ಜರ್ಮನಿಯ ಒಂದು ಸಣ್ಣ ಊರಿನ ಆಸ್ಪತ್ರೆಗೆ ನರ್ಸಾಗಿ ಬಂದ ಹೊಸತರಲ್ಲಿ, ನಿಮ್ಮ ಕಡೆಯ ಮನೆಗಳು ಹೇಗಿರುತ್ತವೆ ಎಂದು ಜೊತೆಯವರು ಕೇಳಿದರೆ ನಾನು ಮೊದಲು ಹೇಳುತ್ತಿದ್ದದ್ದೂ ಇದನ್ನೇ. ಅವರು ತಲೆದೂಗುತ್ತಿದ್ದರು, ನಾನು ಬೀಗುತ್ತಿದ್ದೆ. ಈಗ ಹೇಳುವುದಿಲ್ಲ. ಹೇಳಲು ಹೋದರೆ ಸೆಲ್ವಕ್ಕನ ನೆನಪಾಗಿ ನಾಚಿಕೆಯಾಗುತ್ತದೆ.

ಮನೆ ಎಂದರೆ ದೊಡ್ಡ ಬಂಗಲೆಯೇನಲ್ಲ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಒಂದು ಪಕ್ಕ ಅಪ್ಪ ಅವ್ವನ ಕೋಣೆ, ಇನ್ನೊಂದು ಪಕ್ಕ ರಾಗಿ ಭತ್ತದ ಮೂಟೆಗಳ ಜೊತೆಗೆ ದೇವರ ಗೂಡು, ಹಿಂದೆ ಅಡುಗೆಮನೆ. ನಾನು ಮಲಗುತ್ತಿದ್ದದ್ದು ನಡುಮನೆಯಲ್ಲಿ, ಅಜ್ಜಿಯ ಗೊರಕೆಗೂ ತಮ್ಮನ ಒದೆತಕ್ಕೂ ನಡುವೆ. ಅಡುಗೆಮನೆಯ ಬಾಗಿಲು ದಾಟಿದರೆ ಹಿತ್ತಿಲು. ಅಲ್ಲಿ ಬಚ್ಚಲು, ಕೊಟ್ಟಿಗೆ, ಕೊಟ್ಟಿಗೆಯ ಗೋಡೆಗೆ ಆತುಕೊಂಡಂತೆ ಒಂದು ಕೋಣೆ. ಆ ಕೋಣೆಯಲ್ಲಿ ಪಳನಿ ಮತ್ತು ಅವನ ಹೆಂಡತಿ ಸೆಲ್ವಕ್ಕ ಇದ್ದರು. ಪಳನಿ ನಮ್ಮ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುವವನು. ಕಬ್ಬಿನ ಹಾಲು ಕುದಿದು ಬೆಲ್ಲವಾಗುವ ತನಕ ಅವನದೇ ಹೊಣೆ. ಸೆಲ್ವಕ್ಕನ ಅಪ್ಪನೂ ಹಿಂದೆ ಅದೇ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ನಮ್ಮಲ್ಲೇ ನಿಂತವನು. ಅವಳು ಹುಟ್ಟಿದ್ದು ನಮ್ಮ ಗದ್ದೆಯ ಬದಿಯ ಗುಡಿಸಿಲಲ್ಲಿ. ಹೆತ್ತವರಿಬ್ಬರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ತಮಿಳುನಾಡು ಎನ್ನುವುದನ್ನು ಅವಳು ನೋಡಿರಲೇ ಇಲ್ಲ. ಗಂಡನೊಡನೆ ತಮಿಳು ಮಾತಾಡುತ್ತಿದ್ದಳು, ನಮ್ಮೊಡನೆ ನಮ್ಮ ಹಾಗೆಯೇ, ಬೈಯುವಾಗಲಂತೂ ನಮಗಿಂತ ಜೋರಾಗಿ.

ಹಿತ್ತಿಲಿಂದ ಅಡುಗೆಮನೆಗೆ ಬರಲು ಸೆಲ್ವಕ್ಕನಿಗೆ ವರ್ಷಗಟ್ಟಲೆ ಬೇಕಾಯಿತು. ಮೊದಲು ಪಾತ್ರೆ ತೊಳೆದು ಬಾಗಿಲ ಹೊರಗೆ ಕವುಚಿಹಾಕಿ ಹೋಗುತ್ತಿದ್ದಳಂತೆ. ಆಮೇಲೆ ಹೊಸ್ತಿಲ ಮೇಲೆ ಕೂತು ಸೊಪ್ಪು ಬಿಡಿಸತೊಡಗಿದಳು. ಅವ್ವನಿಗೆ ಸೊಂಟ ಹಿಡಿದು ಮಲಗಿದಾಗ ಒಳಗೆ ಬಂದು ಮುದ್ದೆ ಕೂಡಿಸಿದಳು. ನನಗೆ ಬುದ್ಧಿ ಬರುವ ಹೊತ್ತಿಗೆ ಒಲೆಯ ಮುಂದೆ ಕೂತೇ ಇರುತ್ತಿದ್ದಳು, ಆದರೆ ಉಪ್ಪಿನ ಮಡಕೆ ಮತ್ತು ಮಜ್ಜಿಗೆ ಗಡಿಗೆಯನ್ನು ಮುಟ್ಟುವಂತಿರಲಿಲ್ಲ. ಹಾಗೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಉಪ್ಪು ಬೇಕಾದಾಗ ಅವಳು ಸುಮ್ಮನೆ ಕೈ ಚಾಚುತ್ತಿದ್ದಳು, ಅವ್ವ ಎದ್ದು ತೆಗೆದುಕೊಡುತ್ತಿದ್ದಳು. ಅದು ಅಷ್ಟು ಸಲೀಸಾಗಿ ನಡೆಯುತ್ತಿತ್ತು ಎಂದರೆ, ಅಲ್ಲೊಂದು ಕಟ್ಟಳೆ ಇದೆ ಎನ್ನುವುದೇ ನನಗೆ ಹೊಳೆದದ್ದು ದೊಡ್ಡವಳಾದ ಮೇಲೆ. ಅಜ್ಜಿಗೂ ಅವಳಿಗೂ ದಿನಾ ಹುಣಸೆಹಣ್ಣಿನ ವಿಷಯಕ್ಕೆ ಜಗಳ.

"ಏನವ್ವ, ಸಾರು ಮಾಡಿದ್ದೀಯೋ, ಇತ್ತಾಳೆ ಪಾತ್ರೆ ತಿಕ್ಕಕೆ ಹುಳಿ ಕಲ್ಸಿದ್ದೀಯೋ?"

"ನೀವೇ ಎಲ್ಡು ಸಲ ಬುಡಿಸ್ಕಂಡ್ರಲ್ಲವ್ವ."

"ಹೊಟ್ಟೆ ಅಸೀತಿತ್ತು, ಬುಡಿಸ್ಕಂಡೆ. ರುಚಿಗಲ್ಲ ಕಣ್ ಹೋಗು."

ಸೆಲ್ವಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಅಜ್ಜಿಗೂ ನಗು ಬರುತ್ತಿತ್ತು, ತೋರಿಸುತ್ತಿರಲಿಲ್ಲ. ಅಜ್ಜಿಯನ್ನು ಅವಳು ಅವ್ವ ಎನ್ನುತ್ತಿದ್ದಳು, ಅಪ್ಪನನ್ನು ಅಣ್ಣ ಎನ್ನುತ್ತಿದ್ದಳು. ಊರವರೆದುರು ಅಜ್ಜಿಯೂ, "ಇವ್ಳು ನಮ್ಮನೆ ಹೆಣ್ಣೇ ಬುಡಿ" ಎನ್ನುತ್ತಿದ್ದಳು. ಆಡಿದವರಿಗೆ ಅದು ಹಗುರ ಮಾತು. ಕೇಳಿಸಿಕೊಂಡವಳಿಗೆ ಹಾಗಿರಲಿಲ್ಲ.

ನನ್ನ ತಲೆ ಬಾಚುತ್ತಿದ್ದದ್ದು ಅವಳೇ. ಕೋಣೆಯ ಬಾಗಿಲಲ್ಲಿ ಕೂತು, ನನ್ನನ್ನು ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಾಗಿ ಜಡೆ ಹೆಣೆಯುತ್ತಿದ್ದಳು. ನಾನು ಅಲ್ಲಿ ಕೂತು ಅವಳ ಕೋಣೆಯನ್ನು ಕಣ್ತುಂಬ ನೋಡುತ್ತಿದ್ದೆ. ಒಂದು ಟ್ರಂಕು, ಹಗ್ಗದ ಮೇಲೆ ನಾಲ್ಕು ಬಟ್ಟೆ, ಮುರುಗನ ಪಟ, ಬೆಳಕು ಬೀಳುವ ಪುಟ್ಟ ಕಿಟಕಿ. ಆ ಕಿಟಕಿಯ ಕೆಳಗೆ ಒಂದು ಮೇಜು ಹಾಕಿಕೊಂಡು ಓದಬೇಕು ಎಂದು ನನಗೆ ಬಹಳ ಆಸೆ. ಕ್ಲಾಸಿನಲ್ಲಿ ಇಬ್ಬರು ಹುಡುಗಿಯರಿಗೆ ಸ್ವಂತ ಕೋಣೆ ಇತ್ತು, ಅದನ್ನು ಅವರು ಬಾಯಿಗೆ ಬಂದಾಗಲೆಲ್ಲ ಹೇಳುತ್ತಿದ್ದರು. ಒಂದು ದಿನ ಸೆಲ್ವಕ್ಕನಿಗೇ ಹೇಳಿಬಿಟ್ಟೆ.

"ಈ ರೂಮು ನಂಗ್ ಕೊಟ್ಬುಡಕ್ಕ."

"ನಿಮ್ದೇ ಅಲ್ವ ಪಾಪ. ನನ್ ಮಗ ಉಟ್ಲಿ, ಇಬ್ರೂ ಇಲ್ಲೇ ಓದ್ಕಳ್ರಿ."

ಆಗ ಅವಳಿಗೆ ಚೊಚ್ಚಲ ಬಸಿರು. ಹೊಟ್ಟೆ ಎದ್ದು ಕಾಣುತ್ತಿತ್ತು. ಅಜ್ಜಿ ಅವಳಿಗೆಂದು ಬೇರೆಯಾಗಿ ಹುರುಳಿ ಕಟ್ಟಿನ ಸಾರು ತೆಗೆದಿಡುತ್ತಿದ್ದಳು, ಭಾರ ಎತ್ತಿದರೆ ಗದರುತ್ತಿದ್ದಳು. ಅದು ನಾಟಕವಾಗಿರಲಿಲ್ಲ. ಅಜ್ಜಿಯ ಅಕ್ಕರೆ ಸುಳ್ಳಾಗಿದ್ದಿದ್ದರೆ ಈ ಕಥೆಯನ್ನು ಹೇಳುವುದು ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಆ ಚಳಿಗಾಲದಲ್ಲಿ ಕಾವೇರಿ ನೀರಿನ ಗಲಾಟೆ ಶುರುವಾಯಿತು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಣೆಕಟ್ಟೆಯ ನೀರು ಕೆಳಗಿನ ರಾಜ್ಯಕ್ಕೆ ಎಷ್ಟು ಹೋಗಬೇಕು, ನಮ್ಮ ನಾಲೆಗೆ ಎಷ್ಟು ಉಳಿಯಬೇಕು ಎನ್ನುವುದು ನಮ್ಮಲ್ಲಿ ಊಟದ ಹೊತ್ತಿನ ಮಾತು. ಅಪ್ಪನ ಸಿಟ್ಟಿನಲ್ಲಿ ನ್ಯಾಯವಿತ್ತು ಎಂದು ಈಗಲೂ ನಂಬುತ್ತೇನೆ. ಬೆಳಿಗ್ಗೆ ಎದ್ದು ಟ್ರಾಕ್ಟರಿನಲ್ಲಿ ಜನ ತುಂಬಿಕೊಂಡು ಹೆದ್ದಾರಿಗೆ ಹೋಗುತ್ತಿದ್ದ, ಗಂಟಲು ಹರಿಯುವಂತೆ ಕೂಗಿ ಬರುತ್ತಿದ್ದ. ಬಂದ ಮೇಲೆ ಸೆಲ್ವಕ್ಕ ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಲು ಕೊಡುತ್ತಿದ್ದಳು. ಆ ಉಪ್ಪನ್ನು ಅವ್ವ ತೆಗೆದುಕೊಟ್ಟಿರುತ್ತಿದ್ದಳು. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ. ಆಮೇಲಾಮೇಲೆ ಕೂಗು ನೀರಿನಿಂದ ಜನರ ಕಡೆಗೆ ತಿರುಗಿತು. ಎಲ್ಲೋ ಅಂಗಡಿ ಸುಟ್ಟರು, ಎಲ್ಲೋ ಲಾರಿ ಸುಟ್ಟರು, ಎಲ್ಲೋ ತಮಿಳು ಕೂಲಿಯವರ ಗುಡಿಸಿಲು ಕಿತ್ತರು ಎಂಬ ಸುದ್ದಿ ಬಂತು. ಸೆಲ್ವಕ್ಕ ಹಣೆಯ ವಿಭೂತಿ ಬಿಟ್ಟಳು. ಪಳನಿ ಆಲೆಮನೆಯಲ್ಲಿ ಬಾಯಿ ಬಿಡುವುದನ್ನೇ ಬಿಟ್ಟ. ಹಿತ್ತಿಲಲ್ಲಿ ತಮಿಳು ಕೇಳಿಸುವುದು ನಿಂತಿತು. ನಾವು ಯಾರೂ ಹಾಗೆ ಮಾಡಿ ಎಂದಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಅಪ್ಪನ ದಾಯಾದಿ ಶಿವಣ್ಣ ಚಿಕ್ಕಪ್ಪ ಒಂದು ಸಂಜೆ ಜಗಲಿಗೆ ಬಂದು ಕೂತ. ಕೆಟ್ಟ ಮನುಷ್ಯನಲ್ಲ. ನಮಗೆಲ್ಲ ಪೇಟೆಯಿಂದ ಕಡ್ಲೆಪುರಿ ತಂದುಕೊಡುತ್ತಿದ್ದವನು.

"ನೋಡಣ್ಣ, ನಾಳೆ ನಾಳಿದ್ದು ಐಕ್ಳು ಬತ್ತಾವ್ರಂತೆ. ನಮ್ಮೂರೋರಲ್ಲ, ಬೇರೆ ಊರೋರು. ಇಂಗೆ ನಿಮ್ಮನೇಲಿ ಇಟ್ಕಂಡವ್ರೆ ಅಂತ ಗೊತ್ತಾಗ್ಬುಟ್ಟದೆ ಅವ್ರಿಗೆ."

"ಬಂದ್ರೆ ಬರ್ಲಿ ಬುಡ್ಲಾ. ನಾನಿಲ್ವ?" ಅಪ್ಪ ಅಂದ.

"ನೀನಿದ್ದೀಯೆ. ನಿನ್ ಆಲೆಮನೆಗೆ ಬೆಂಕಿ ಇಕ್ಕುದ್ರೆ? ಮನೇಲಿ ಹೆಣ್ಮಕ್ಳವ್ರೆ. ಬಸುರಿ ಹೆಂಗ್ಸು ಬೇರೆ. ಅವ್ರ್ ಒಳ್ಳೇದುಕ್ಕೇ ಏಳ್ತಾ ಇವ್ನಿ."

ಅಜ್ಜಿ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಶಿವಣ್ಣ ಹೋದ ಮೇಲೆ ಅಪ್ಪ, ಅವ್ವ, ಅಜ್ಜಿ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿದರು. ನನಗೆ ಕೇಳಿಸಿದ್ದು ಅಪ್ಪನ ಒಂದೇ ಮಾತು. "ನನ್ ಬಾಯಲ್ಲಿ ಅವ್ಳಿಗೆ ಓಗು ಅನ್ನಕಾಗಕ್ಕಿಲ್ಲ ಕಣವ್ವ." ಅದಕ್ಕೆ ಅಜ್ಜಿ, "ನೀನೇನೂ ಅನ್ಬೇಡ, ನಾ ನೋಡ್ಕತೀನಿ" ಅಂದಳು.

ನಮ್ಮ ಕಡೆ ಮನೆಮಗಳು ಗಂಡನ ಮನೆಗೆ ಹೊರಟಾಗ ಮಡ್ಲಕ್ಕಿ ಕಟ್ಟಿ ಕಳಿಸುತ್ತಾರೆ. ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಅರಿಸಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಅವಳು ಒಡ್ಡಿದ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ, ರವಿಕೆ ಕಣ ತುಂಬುತ್ತಾರೆ. ನೀನು ಈ ಮನೆಯ ಹೆಣ್ಣು, ಎಲ್ಲಿದ್ದರೂ ತುಂಬಿಕೊಂಡಿರು, ಮತ್ತೆ ಬಾ ಎಂದು ಅದರ ಅರ್ಥ. ಬಸುರಿಗೆ ಏಳು ತುಂಬಿದಾಗಲೂ ತವರಿನವರು ಹೀಗೆಯೇ ಮಡಿಲು ತುಂಬಿ ಹಸಿರು ಬಳೆ ತೊಡಿಸುತ್ತಾರೆ. ಮಾರನೆಯ ಬೆಳಿಗ್ಗೆ ಅಜ್ಜಿ ಸೆಲ್ವಕ್ಕನನ್ನು ನಡುಮನೆಗೆ ಕರೆದಳು. ಹಿತ್ತಿಲು, ಅಡುಗೆಮನೆ ಬಿಟ್ಟು ಆಚೆಗೆ ಅವಳು ಬಂದಿದ್ದು ನೆಲ ಸಾರಿಸಲು ಮಾತ್ರ. ಈಗ ಅಲ್ಲಿ ಮಣೆ ಹಾಕಿತ್ತು, ಮಣೆಯ ಕೆಳಗೆ ರಂಗೋಲಿ ಇತ್ತು.

"ಬಾ ಮಗ, ಕೂತ್ಕೋ."

"ನಾನಾ ಅವ್ವ?"

"ಇನ್ಯಾರು? ಕೂತ್ಕೋ ಅಂದ್ರೆ."

ಸೆಲ್ವಕ್ಕ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಕೂತಳು. ಅಜ್ಜಿ ಬಳೆ ತೊಡಿಸುವಾಗಲೇ ಅವಳಿಗೆ ಅಳು ಬಂದುಬಿಟ್ಟಿತು. ತಾಯಿ ಇಲ್ಲದವಳು, ತನಗೆ ಸೀಮಂತ ಮಾಡುವವರು ಯಾರೂ ಇಲ್ಲ ಎಂದುಕೊಂಡಿದ್ದವಳು. ಊರೆಲ್ಲ ಹೀಗೆ ಉರಿಯುತ್ತಿರುವಾಗ ಈ ಮನೆಯವರು ತನ್ನನ್ನು ನಡುಮನೆಯಲ್ಲಿ ಕೂರಿಸಿ ಮಗಳಿಗೆ ಮಾಡುವಂತೆ ಮಾಡುತ್ತಿದ್ದಾರೆ ಎಂದು ತಿಳಿದಳು. ಅಳುತ್ತಲೇ ನಕ್ಕು ಅಜ್ಜಿಯ ಕಾಲು ಹಿಡಿದಳು.

"ನಮ್ಮವ್ವ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ ಕಣವ್ವ. ಮಗ ಉಟ್ಟುದ್ರೆ ನಿಮ್ ತೊಡೆ ಮೇಲೇ ಫಸ್ಟು ಮಲಗ್ಸದು."

ಅಜ್ಜಿ ಅವಳ ಮಡಿಲು ತುಂಬಿ, ತಲೆಯ ಮೇಲೆ ಅಕ್ಷತೆ ಹಾಕಿದಳು. ಅವ್ವ ಗೋಡೆಯ ಕಡೆ ತಿರುಗಿಕೊಂಡು ದೀಪದ ಬತ್ತಿ ಸರಿಮಾಡಿದ್ದನ್ನೇ ಮತ್ತೆ ಸರಿಮಾಡುತ್ತಿದ್ದಳು. ತಪ್ಪು ತಿಳಿದುಕೊಂಡಿದ್ದಾಳೆ ಎಂದು ಅಲ್ಲಿದ್ದ ದೊಡ್ಡವರಿಬ್ಬರಿಗೂ ಗೊತ್ತಾಯಿತು, ಬಹುಶಃ ನನಗೂ ಗೊತ್ತಾಯಿತು. ಅಷ್ಟು ಹೊತ್ತು ಅವಳನ್ನು ಸಂತೋಷವಾಗಿರಲು ಬಿಟ್ಟೆವು. ಅದೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ನನಗೀಗ ಅನ್ನಿಸುತ್ತದೆ. ಮಡ್ಲಕ್ಕಿ ಕಟ್ಟಿಸಿಕೊಂಡವಳು ಒಂದು ಹಿಡಿ ಅಕ್ಕಿಯನ್ನು ವಾಪಸು ಮನೆಯಲ್ಲೇ ಹಾಕಬೇಕು, ತವರು ಬರಿದಾಗಬಾರದು ಎಂದು. ಅದನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ನಮ್ಮ ಸೋದರತ್ತೆಯರು ಮಾಡುವುದನ್ನು ಅಡುಗೆಮನೆಯ ಬಾಗಿಲಿಂದ ಎಷ್ಟು ಸಲ ನೋಡಿದ್ದಳೋ, ತಾನೇ ಮೂರು ಸಲ ಹಿಡಿ ಹಿಡಿ ತೆಗೆದು ತಟ್ಟೆಗೆ ಹಾಕಿ, "ತವರು ತಣ್ಣಗಿರ್ಲಿ" ಎಂದಳು.

ಎದ್ದು ಹಿತ್ತಿಲಿಗೆ ಹೋದಾಗ ಟ್ರಾಕ್ಟರು ಕೊಟ್ಟಿಗೆಯ ಪಕ್ಕ ನಿಂತಿತ್ತು. ಟ್ರಂಕು, ಪಾತ್ರೆ ಗಂಟು, ಮುರುಗನ ಪಟ ಎಲ್ಲವೂ ಟ್ರೈಲರಿನಲ್ಲಿದ್ದವು. ಪಳನಿ ತಲೆ ತಗ್ಗಿಸಿ ನಿಂತಿದ್ದ. ಅವನಿಗೆ ಅಪ್ಪ ಆಲೆಮನೆಯಲ್ಲೇ ಹೇಳಿಯಾಗಿತ್ತು. ಸೆಲ್ವಕ್ಕ ಟ್ರೈಲರು ನೋಡಿದಳು, ತನ್ನ ಮಡಿಲು ನೋಡಿಕೊಂಡಳು, ಆಮೇಲೆ ಅಜ್ಜಿಯನ್ನು ನೋಡಿದಳು.

"ಓ... ಇದುಕ್ಕಾ ಅವ್ವ?"

"ನಿನ್ ಒಳ್ಳೇದುಕ್ಕೇ ಕಣ್ ಮಗ. ಗಲಾಟೆ ತಣ್ಣಗಾಗ್ಲಿ. ನಿಮ್ಮೂರಿಗೋಗಿ ಬಾಣಂತನ ಮುಗ್ಸ್ಕಂಡ್ ಬಾ."

ಸೆಲ್ವಕ್ಕ ಜಗಳವಾಡಲಿಲ್ಲ. ಹುಣಸೆಹಣ್ಣಿಗೆ ಜಗಳವಾಡುತ್ತಿದ್ದವಳು ಇದಕ್ಕೆ ಆಡಲಿಲ್ಲ. ಎರಡೂ ಕೈಯಲ್ಲಿ ಮಡಿಲು ಹಿಡಿದುಕೊಂಡಿದ್ದರಿಂದ ಅವಳಿಗೆ ಟ್ರೈಲರು ಹತ್ತಲು ಆಗಲಿಲ್ಲ. ಅಪ್ಪನೇ ಕೈಕೊಟ್ಟು ಹತ್ತಿಸಿದ. ಪಾಂಡವಪುರದ ರೈಲ್ವೆ ಸ್ಟೇಷನ್ನಿನಲ್ಲಿ ಬಿಟ್ಟು ಬಂದೆ ಎಂದು ಬಂದು ಹೇಳಿದ. ಆ ದಿನ ಮಧ್ಯಾಹ್ನ ಉಂಡವರು ನಾನು ಮತ್ತು ತಮ್ಮ ಮಾತ್ರ.

ಆಮೇಲೆ ಯಾರೂ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ, ಆ ವಾರವೂ ಬರಲಿಲ್ಲ. ಬೇರೆ ಊರಿನ ಐಕಳು ನಮ್ಮ ಊರಿನ ದಾರಿಯನ್ನೇ ಹಿಡಿಯಲಿಲ್ಲ. ಬಂದಿದ್ದರೆ ನಾವು ಎಷ್ಟು ನೆಮ್ಮದಿಯಾಗಿರುತ್ತಿದ್ದೆವು! ಅಜ್ಜಿ ದಿನಕ್ಕೊಮ್ಮೆ ಜಗಲಿಗೆ ಬಂದು ರಸ್ತೆ ನೋಡುತ್ತಿದ್ದಳು. ಯಾರಾದರೂ ಕಲ್ಲು ಹಿಡಿದು ಬರಲಿ ಎಂದು ಕಾಯುತ್ತಿದ್ದಂತೆ ಕಾಣುತ್ತಿತ್ತು. ಗಲಾಟೆ ತಣ್ಣಗಾಯಿತು, ಬಸ್ಸುಗಳು ಓಡಾಡತೊಡಗಿದವು. ಯಾರಾದರೂ ಕೇಳಿದರೆ, "ಅವ್ರೂರ್ಗೆ ಓದ್ರು" ಎಂದು ಎಲ್ಲರೂ ಒಂದೇ ಥರ ಹೇಳುತ್ತಿದ್ದೆವು. ಅವರ ಊರು ಯಾವುದು ಎಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆಲೆಮನೆಗೆ ಬೇರೆ ಜನ ಬಂದು ಅಲ್ಲೇ ಷೆಡ್ಡಿನಲ್ಲಿ ಉಳಿದುಕೊಂಡರು. ಹಿತ್ತಿಲ ಕೋಣೆಗೆ ಸುಣ್ಣ ಬಳಿಸಿ, ಕಿಟಕಿಯ ಕೆಳಗೆ ಮೇಜು ಹಾಕಿಸಿ ಅಪ್ಪ ನನಗೆ ಕೊಟ್ಟ. ನನಗೆ ಖುಷಿಯಾಯಿತು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ, ಬಹಳ ಖುಷಿಯಾಯಿತು. ಸ್ಕೂಲಿಗೆ ಹೋಗಿ ಹೇಳಿಕೊಂಡೆ. ನಾನು ಓದಿ ನರ್ಸಾದದ್ದು ಆ ಕೋಣೆಯಲ್ಲಿ.

ಮುಂದಿನ ಗೌರಿ ಹಬ್ಬದ ಬೆಳಿಗ್ಗೆ ಸೆಲ್ವಕ್ಕ ಬಂದಳು. ಸೊಂಟದ ಮೇಲೆ ಮಗು, ಕೈಯಲ್ಲಿ ಬಾಳೆಹಣ್ಣು ಹೂವಿನ ಚೀಲ. ಹಿತ್ತಿಲಿಗೆ ಬಳಸಿಕೊಂಡು ಹೋಗಲಿಲ್ಲ. ಜಗಲಿ ಹತ್ತಿ ಮುಂಬಾಗಿಲಲ್ಲಿ ಬಂದು ನಿಂತಳು. ಗೌರಿ ಹಬ್ಬಕ್ಕೆ ಮನೆಯ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವುದು ನಮ್ಮ ವಾಡಿಕೆ. ನಮ್ಮ ಇಬ್ಬರು ಸೋದರತ್ತೆಯರೂ ಆಗಲೇ ಬಂದು ನಡುಮನೆಯಲ್ಲಿ ಕೂತಿದ್ದರು. ಅಜ್ಜಿ ಅವಳನ್ನು ಒಳಗೆ ಕರೆದು ಕೂರಿಸಿದಳು. ಮಗುವನ್ನು ಎತ್ತಿಕೊಳ್ಳಲು ಕೈ ಮುಂದೆ ಮಾಡಿ, ಅತ್ತೆಯರ ಮುಖ ನೋಡಿ, ಕೈ ಹಿಂದೆ ತೆಗೆದುಕೊಂಡಳು. ಅವ್ವ ಕಾಫಿ ಕೊಟ್ಟಳು. ಅಪ್ಪ ಬಾಗಿಲಲ್ಲೇ ನಿಂತು ಕೇಳಿದ.

"ಊರಿಂದ ಯಾವಾಗ್ ಬಂದ್ರವ್ವ?"

"ಯಾವೂರಣ್ಣ? ಸಂಜೆಗಂಟ ಸ್ಟೇಷನ್ನಲ್ಲೇ ಕುಂತಿದ್ವಿ. ಅಣ್ಣ ಮನಸ್ಸು ತಡೀದೆ ವಾಪಸ್ ಬತ್ತಾರೆ ಅಂತ ನಾನೇ ಇವ್ರನ್ನ ರೈಲು ಅತ್ತಕ್ಕೆ ಬುಡ್ನಿಲ್ಲ. ಆಮೇಲೆ ಯಾರೋ ಪುಣ್ಯಾತ್ಮರು ಕ್ಯಾರ್‌ಪೇಟೆ ಲಾರಿ ಅತ್ಸುದ್ರು. ಏಮಗಿರಿ ತಾವ ಆಲೆಮನೇಲಿ ಇದೀವಿ."

ಕೆ.ಆರ್. ಪೇಟೆಯ ಹತ್ತಿರದ ಹೇಮಗಿರಿ ಎಂದರೆ ನಮ್ಮಿಂದ ಅರ್ಧ ದಿನದ ಬಸ್ಸಿನ ದಾರಿಯೂ ಅಲ್ಲ. ಅಪ್ಪ ಗಂಟಲು ಸರಿಮಾಡಿಕೊಂಡ.

"ಇಲ್ಲಿ ಕೆಲ್ಸುಕ್ಕೆ ಈಗ ಬೇರೇರವ್ರೆ ಕಣವ್ವ..."

"ಕೆಲ್ಸ ಕೇಳಕ್ ಬಂದಿಲ್ಲ ಅಣ್ಣ. ಅಬ್ಬ ಅಲ್ವ, ಮನೆಗ್ ಬಂದೆ. ಕರೀಬೋದು ಅಂತ ಕಾದೆ, ನಿಮ್ಗೆ ನಾವಿರೋ ತಾವು ಗೊತ್ತಿಲ್ವಲ್ಲ, ನಾನೇ ಬಂದೆ."

ದೊಡ್ಡತ್ತೆ ಅಜ್ಜಿಯ ಮುಖ ನೋಡಿದಳು. ನಾನೂ ನೋಡಿದೆ. ಒಂದು ಮಾತು, ಬಾ ಮಗ ಎಂಬಷ್ಟು ಮಾತು ಅಜ್ಜಿಯ ಬಾಯಿಂದ ಬಂದಿದ್ದರೆ ಸಾಕಿತ್ತು. ಅಜ್ಜಿ ನೆಲ ನೋಡುತ್ತ, ಅತ್ತ ಬೈಗುಳವೂ ಅಲ್ಲದ ಇತ್ತ ಅಕ್ಕರೆಯೂ ಅಲ್ಲದ ದನಿಯಲ್ಲಿ ಹೇಳಿದಳು.

"ಹೆಣ್ಮಕ್ಳು ಕರೀದೆ ಬರ್ಬಾರ್ದು ಕಣವ್ವ."

ಸೆಲ್ವಕ್ಕ ಕಾಫಿ ಲೋಟ ಕೆಳಗಿಟ್ಟಳು. ಮಗುವಿನ ಟೋಪಿ ಸರಿಮಾಡಿದಳು. ಅಜ್ಜಿ ಎದ್ದು ಒಂದು ಸೀರೆ, ಒಂದು ಬುಟ್ಟಿ ಒಬ್ಬಟ್ಟು ತಂದು ಚೀಲಕ್ಕೆ ಹಾಕಿದಳು. ಆಗಲೂ ಬರಿಗೈಯಲ್ಲಿ ಕಳಿಸಲಿಲ್ಲ. ಸೆಲ್ವಕ್ಕ ಬೇಡ ಎನ್ನಲಿಲ್ಲ. ನನ್ನ ಜಡೆ ಎಳೆದು, "ಚೆನ್ನಾಗ್ ಓದ್ಕೋ ಪಾಪ" ಎಂದು ಹೇಳಿ ಅದೇ ಮುಂಬಾಗಿಲಿಂದ ಇಳಿದು ಹೋದಳು. ಅವಳಿರುವ ತಾವು ಈಗ ನಮಗೆ ಗೊತ್ತಿತ್ತು. ಮುಂದಿನ ಗೌರಿಗೆ ಯಾರೂ ಹೋಗಿ ಕರೆಯಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಅಜ್ಜಿ ಹಬ್ಬದ ದಿನ ಕಾರಣವಿಲ್ಲದೆ ಎಲ್ಲರ ಮೇಲೂ ರೇಗತೊಡಗಿದಳು. ಅವಳು ಸಾಯುವವರೆಗೆ ನಮ್ಮ ಮನೆಯಲ್ಲಿ ಗೌರಿ ಹಬ್ಬ ಜಗಳವಿಲ್ಲದೆ ಕಳೆಯಲಿಲ್ಲ.

ಅಜ್ಜಿಯನ್ನು ಬೈದು ನಾನು ಪಾರಾಗಬಹುದಿತ್ತು. ಆದರೆ ನಾನು ಅವಳ ಕೈಯಲ್ಲೇ ಬೆಳೆದವಳು. ಆಸ್ಪತ್ರೆಯ ನನ್ನ ವಾರ್ಡಿನಲ್ಲಿ, ಯುದ್ಧ ಬಿಟ್ಟು ಓಡಿಬಂದ ಮುದುಕನೊಬ್ಬನನ್ನು ಸೇರಿಸಿದ್ದರು. ಮನೆಮಂದಿಯೆಲ್ಲ ಬಂದು ಹಾಸಿಗೆ ಸುತ್ತ ಕೂರುತ್ತಿದ್ದರು, ಉಳಿದ ರೋಗಿಗಳು ಗೊಣಗುತ್ತಿದ್ದರು. ಹೊರಗೆ ಕಳಿಸುವ ಕೆಲಸ ಯಾವಾಗಲೂ ನನಗೆ ಬೀಳುತ್ತಿತ್ತು. ನೀನು ಹೇಳಿದರೆ ಅವರಿಗೆ ನೋವಾಗುವುದಿಲ್ಲ ಎಂದು ಜೊತೆಯವರು ಹೊಗಳುತ್ತಿದ್ದರು. ನಾನು ಮೊದಲು ಕಾಗದದ ಲೋಟಗಳಲ್ಲಿ ಎಲ್ಲರಿಗೂ ಟೀ ತಂದುಕೊಡುತ್ತಿದ್ದೆ, ಮುದುಕನ ದಿಂಬು ಸರಿಮಾಡುತ್ತಿದ್ದೆ, ನಗುತ್ತ ನಗುತ್ತ ಬಾಗಿಲ ತನಕ ಕರೆದೊಯ್ದು ಬಿಡುತ್ತಿದ್ದೆ. ಅವರು ನನಗೆ ಧನ್ಯವಾದ ಹೇಳಿ ಹೋಗುತ್ತಿದ್ದರು. ಮುದುಕನ ಹೆಂಡತಿ ಒಂದು ದಿನ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು, ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದೇ ನಾನು ಟೀ ತಂದಿದ್ದೇನೆ ಎಂದುಕೊಂಡು. ಅವತ್ತು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಅದಾದ ಮೇಲೆ ಆ ಊರಿನಲ್ಲೇ ಗಲಾಟೆಯಾಯಿತು. ನಿರಾಶ್ರಿತರ ಹುಡುಗರಿಗೂ ಊರಿನ ಹುಡುಗರಿಗೂ ಹೊಡೆದಾಟವಾಗಿ, ಹೊರಗಿನವರು ತೊಲಗಲಿ ಎಂದು ಚೌಕದಲ್ಲಿ ಮೆರವಣಿಗೆ ನಡೆಯಿತು. ನಿರಾಶ್ರಿತರ ಕಡೆಯ ಹುಡುಗರು ಕಸದ ತೊಟ್ಟಿಗಳಿಗೆ ಬೆಂಕಿ ಹಾಕಿದರು. ನನ್ನ ಕೆಳಗಿನ ಮನೆಯ ಹಿಲ್ಡ, ನನಗೆ ಜಾಮ್ ಮಾಡಲು ಕಲಿಸಿದ ಮುದುಕಿ, ನಮ್ಮ ಸಾವಿತ್ರಿ ಎಂದು ಎಲ್ಲರಿಗೂ ನನ್ನ ಪರಿಚಯ ಹೇಳುವವಳು, ಒಂದು ಬೆಳಿಗ್ಗೆ ಬಿಸಿ ಕೇಕು ಹಿಡಿದು ಮೇಲೆ ಬಂದಳು. ಸ್ವಲ್ಪ ದಿನ ಎಲ್ಲಾದರೂ ಹೋಗಿ ಇದ್ದು ಬಾ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ನಮ್ಮ ಊರಿನವರು ಅಂಥವರಲ್ಲ, ಬೇರೆ ಊರಿನವರು ಬರುತ್ತಾರಂತೆ ಎಂದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನಾನು ಕೇಕು ತೆಗೆದುಕೊಂಡೆ, ಗೆಳತಿಯ ಮನೆಗೆ ಹೋದೆ, ವಾರ ಬಿಟ್ಟು ವಾಪಸು ಬಂದೆ. ಬಾಡಿಗೆ ಕರಾರು ನನ್ನ ಹೆಸರಿನಲ್ಲಿತ್ತು, ಬೀಗದ ಕೈ ನನ್ನ ಚೀಲದಲ್ಲಿತ್ತು. ಹಿಲ್ಡ ತಬ್ಬಿಕೊಂಡಳು. ಸೆಲ್ವಕ್ಕನಿಗೆ ಇದ್ದದ್ದು ನಾವು ಆಡಿದ ಮಾತು ಮಾತ್ರ ಎನ್ನುವುದು ಮೆಟ್ಟಿಲು ಹತ್ತುವಾಗ ಹೊಳೆಯಿತು. ಆ ವರ್ಷ ಗೌರಿ ಹಬ್ಬಕ್ಕೆ ರಜೆ ಹಾಕಿ ಊರಿಗೆ ಬಂದೆ.

ಸೆಲ್ವಕ್ಕನನ್ನು ಹಬ್ಬಕ್ಕೆ ಮುಂಚೆಯೇ ಹೋಗಿ ಕರೆಯಬೇಕು, ಮನೆಯವರೇ ಹೋಗಿ ಕರೆಯಬೇಕು. ತಮ್ಮನಿಗೆ ಹಸುಗಳ ಕೆಲಸ, ಬರಲಾಗುವುದಿಲ್ಲ ಎಂದ. ಅಪ್ಪನಿಗೆ ಹೇಳಿದೆ. "ಅವ್ಳ ಮಗ ವೆಲ್ಡಿಂಗ್ ಅಂಗ್ಡಿ ಇಟ್ಟವ್ನೆ, ಏಮಗಿರಿ ರಸ್ತೇಲೇ" ಎಂದ. ಅಷ್ಟೂ ವರ್ಷ ಅವನಿಗೆ ಎಲ್ಲ ಗೊತ್ತಿತ್ತು. ಪಾಂಡವಪುರದಲ್ಲಿ ಒಂದು ಬಸ್ಸು, ಕೆ.ಆರ್. ಪೇಟೆಯಲ್ಲಿ ಒಂದು ಬಸ್ಸು ಬದಲಾಯಿಸಿ ಹೋದೆ. ಅಂಗಡಿಯ ಹಿಂದೆಯೇ ಮನೆ. ಸೆಲ್ವಕ್ಕ ಬಾಗಿಲಲ್ಲಿ ಕೂತು ಹುರುಳಿ ಹಸನು ಮಾಡುತ್ತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು, ಹಣೆಯಲ್ಲಿ ವಿಭೂತಿ ಇತ್ತು. ನನ್ನನ್ನು ನೋಡುತ್ತಲೇ ಗುರುತು ಹಿಡಿದಳು.

"ಸಾವಿತ್ರವ್ವೋರು ಅಲ್ವ? ಬನ್ನಿ, ಕೂತ್ಕಳಿ."

ನನ್ನನ್ನು ನೀನು, ಪಾಪ ಎನ್ನುತ್ತಿದ್ದವಳು. ನಾನು ಅವಳ ಪಕ್ಕ ಹೊಸ್ತಿಲ ಮೇಲೆ ಕೂರಲು ಹೋದೆ, ಬಿಡಲಿಲ್ಲ, ಒಳಗಿಂದ ಕುರ್ಚಿ ತರಿಸಿದಳು. ಅಪ್ಪ ಹೇಗಿದ್ದಾರೆ, ಅವ್ವನ ಸೊಂಟ ಹೇಗಿದೆ, ತಮ್ಮನಿಗೆ ಎಷ್ಟು ಮಕ್ಕಳು, ಎಲ್ಲ ಕೇಳಿದಳು. ಪಳನಿ ತೀರಿಕೊಂಡದ್ದನ್ನು ತಾನೇ ಹೇಳಿದಳು. ಅಜ್ಜಿ ಹೋದದ್ದು ಗೊತ್ತಾಯಿತೇ ಎಂದು ಕೇಳಿದೆ.

"ಗೊತ್ತಾಯ್ತು. ಯಾರೂ ಏಳ್ಕಳಿಸ್ಲಿಲ್ಲ, ಸಂತೇಲಿ ಯಾರೋ ಅಂದ್ರು. ಒಂದಿನ ಒಲೆ ಅತ್ಸಿರ್ಲಿಲ್ಲ ನಾನು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕಾಲು ಹಿಡಿಯಲು ನನಗೊಂದು ದಾರಿಯಾದರೂ ಇರುತ್ತಿತ್ತು. ಬಾಯಿ ತೆರೆದು, ಸೆಲ್ವಕ್ಕ, ಹಬ್ಬಕ್ಕೆ ಮನೆಗೆ ಬಾ ಎನ್ನಬೇಕು, ಅಷ್ಟರಲ್ಲಿ ಅವಳ ಸೊಸೆ ಕಾಫಿ ತಂದಳು. ಚುರುಕು ಹುಡುಗಿ, ಕಣ್ಣಲ್ಲೇ ನನ್ನನ್ನು ಅಳೆದು ಅತ್ತೆಯನ್ನು ಕೇಳಿದಳು.

"ಯಾರತ್ತೆ ಇವ್ರು? ನೆಂಟ್ರಾ?"

ಸೆಲ್ವಕ್ಕ ಮೊರದಲ್ಲಿದ್ದ ಒಂದು ಕಲ್ಲು ಆರಿಸಿ ಹೊರಗೆ ಎಸೆದಳು.

"ಇಲ್ಲ ಕಣವ್ವ. ಮುಂಚೆ ನಾವು ಕೆಲ್ಸುಕ್ಕಿದ್ದ ಮನೆಯೋರು. ಒಳ್ಳೆ ಜನ."

ಹುಡುಗಿ ನನ್ನ ಕಡೆ ತಿರುಗಿ ನಕ್ಕು, "ಔದಾ ಮೇಡಂ?" ಎಂದಳು.

ನಾನು ಹೌದು ಎಂದೆ.